ನೀರಿನ ದಾರಿಯಲ್ಲಿ ಕೂತು ಕಾಯಬೇಡ

ಕೂಸೇ,

ಹರಿಕೇನ್ ಬರುತ್ತದೆ ಅಂದರೆ ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತರೆ ಸಾಕಲ್ಲವಾ ದೊಡ್ಡಮ್ಮ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. ನಿನಗೆ ಡಾಕ್ಟರ ಹತ್ತಿರ ಹೋಗಲು ಹೊತ್ತಾಗಿತ್ತು, ಮಾತು ಅಲ್ಲಿಗೇ ನಿಂತಿತು. ಫೋನಿನಲ್ಲಿ ಎರಡು ಮಾತಲ್ಲಿ ಮುಗಿಯುವ ವಿಷಯ ಇದಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಿ ಹೇಳು.

ಈ ಊರಿಗೆ ನೀವು ಬಂದದ್ದು ಡಿಸೆಂಬರಿನಲ್ಲಿ. ಟ್ಯಾಂಪಾ ಕೊಲ್ಲಿಯ ಹಿತವಾದ ಬಿಸಿಲು, ತಿಳಿನೀರು, ನಡೆದು ಹೋಗುವಷ್ಟು ಹತ್ತಿರದಲ್ಲೇ ಕಡಲು, ಇವನ್ನು ನೋಡಿಯೇ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಳ ಅಂತಸ್ತಿನ ಮನೆ ಹಿಡಿದಿರಿ. ಇಲ್ಲಿ ಜೂನ್ 1ಕ್ಕೆ ಹರಿಕೇನ್ ಕಾಲ ಹುಟ್ಟುತ್ತದೆ, ನವೆಂಬರ್ 30ರವರೆಗೆ ಇರುತ್ತದೆ. ಅತಿ ಜೋರಿನ ಹೊತ್ತು ಸೆಪ್ಟೆಂಬರ್ 10ರ ಆಸುಪಾಸು. ನಮ್ಮ ಪಂಚಾಂಗದಲ್ಲಿ ಹೇಳುವುದಾದರೆ ಚೌತಿಯಿಂದ ದಸರಾದವರೆಗಿನ ಹಬ್ಬದ ದಿನಗಳೇ ಇಲ್ಲಿಯ ಆತಂಕದ ದಿನಗಳು. 2017ರಲ್ಲಿ ಹಾರ್ವಿ ಟೆಕ್ಸಸ್ ದಡಕ್ಕೆ ಬಡಿದದ್ದು ಗಣೇಶ ಚೌತಿಯ ದಿನ. 2022ರ ಇಯಾನ್, 2024ರ ಮಿಲ್ಟನ್ ಎರಡೂ ಬಂದದ್ದು ನವರಾತ್ರಿಯ ನಡುವೆ. ನಿನ್ನ ದಿನ ತುಂಬುವುದು ಆಗಸ್ಟ್ ಕೊನೆಗೆ. ನಿನ್ನಮ್ಮ ಬಾಣಂತನಕ್ಕೆಂದು ಬಂದಿಳಿಯುವುದೂ ಆಗಲೇ. ಅಂದರೆ ಬಿರುಗಾಳಿಯ ಕಾಲ ನೆತ್ತಿಗೇರಿದಾಗ ಆ ಮನೆಯಲ್ಲಿ ಒಬ್ಬ ಹಸಿ ಬಾಣಂತಿ, ಒಂದು ಎಳೆಗೂಸು, ಬಿಪಿ ಮಾತ್ರೆ ನುಂಗುವ ಒಬ್ಬ ಅಜ್ಜಿ ಇರುತ್ತೀರಿ. ಅದಕ್ಕೇ ಈಗಲೇ ಹೇಳಬೇಕೆನಿಸಿತು.

ತೀರ್ಥಹಳ್ಳಿ ಸೀಮೆಯವರು ನಾವು, ಆಗುಂಬೆಯ ಮಳೆ ಕಂಡವರಿಗೆ ಇನ್ನೆಂಥ ಮಳೆಯ ಹೆದರಿಕೆ ಎಂದು ನೀನು ನಕ್ಕೆ. ಆ ಧೈರ್ಯ ಒಳ್ಳೆಯದೇ. ಆದರೆ ನಮ್ಮ ಕಡೆ ಎಷ್ಟೇ ಹುಯ್ದರೂ ನೀರಿಗೆ ಇಳಿಜಾರು ಸಿಗುತ್ತದೆ, ಹಳ್ಳ ಹಿಡಿದು ಹೊಳೆಗೆ ಹೋಗುತ್ತದೆ. ಹಿರಿಯರು ಮನೆ ಕಟ್ಟುವಾಗಲೇ ತೋಟವನ್ನು ಕೆಳಗೆ ಬಿಟ್ಟು ತಾವು ಗುಡ್ಡದ ಬದಿಗೆ ಏರಿ ಕೂತರು. ಇಲ್ಲಿ ನೆಲವೇ ಸಮುದ್ರಕ್ಕಿಂತ ಕೆಲವೇ ಅಡಿ ಮೇಲಿದೆ. ನೀರು ಮೇಲಿನಿಂದ ಬೀಳುವುದಷ್ಟೇ ಅಲ್ಲ, ಕಡಲಿನಿಂದ ನಡೆದುಕೊಂಡು ಮನೆಯೊಳಗೆ ಬರುತ್ತದೆ.

ಗಾಳಿ ಸಮುದ್ರದ ನೀರನ್ನು ದಡದತ್ತ ದಬ್ಬುತ್ತ ಬರುತ್ತದೆ. ಆಳದ ಸಮುದ್ರವಾದರೆ ಹಾಗೆ ದಬ್ಬಿದ ನೀರು ಅಡಿಯಿಂದ ವಾಪಸು ಸರಿಯುತ್ತದೆ. ಫ್ಲಾರಿಡಾದ ಪಶ್ಚಿಮ ದಡದಲ್ಲಿ ಕಡಲಿಗೆ ಬಹಳ ದೂರದವರೆಗೆ ಆಳವೇ ಇಲ್ಲ. ಟ್ಯಾಂಪಾ ಕೊಲ್ಲಿಯ ಸರಾಸರಿ ಆಳವೇ ಹನ್ನೆರಡು ಅಡಿಯಷ್ಟು. ಸರಿಯಲು ಜಾಗವಿಲ್ಲದ ನೀರು ರಾಶಿ ಬಿದ್ದು ಮೇಲೇರುತ್ತದೆ. ಇಲ್ಲಿಯವರು ಸರ್ಜ್ ಅನ್ನುವುದು ಇದಕ್ಕೇ. ಮನೆಯಲ್ಲಿ ಕಾಯುವುದು ಎಂಬ ಮಾತಿನ ಮೊದಲ ಷರತ್ತು ಇದೇ ಕೂಸೇ: ಗಾಳಿಗಾದರೆ ಗಟ್ಟಿ ಗೋಡೆಯ ಮರೆಯಲ್ಲಿ ಅಡಗಬಹುದು. ನೀರು ಬರುವ ಜಾಗದಲ್ಲಿ ಯಾವ ಗೋಡೆಯನ್ನೂ ನಂಬಬಾರದು, ಎದ್ದು ಹೋಗಬೇಕು.

ಕೆಟಗರಿ ಎಷ್ಟು ಎಂಬುದೊಂದನ್ನೇ ಕೇಳಿ ತೀರ್ಮಾನ ಮಾಡುವ ಜನ ತುಂಬ ಇದ್ದಾರೆ. ಒಂದರಿಂದ ಐದರವರೆಗಿನ ಆ ಅಂಕೆ ಹೇಳುವುದು ಗಾಳಿಯ ವೇಗವನ್ನು ಮಾತ್ರ. ಗಂಟೆಗೆ 74 ಮೈಲಿ ಮುಟ್ಟಿದರೆ ಒಂದು, 157 ಮುಟ್ಟಿದರೆ ಐದು. ನಿನ್ನ ಹೊಸ್ತಿಲಿಗೆ ಎಷ್ಟು ನೀರು ಬರುತ್ತದೆ ಎಂಬುದು ಆ ಅಂಕೆಯಲ್ಲಿ ಇಲ್ಲ. 2024ರ ಸೆಪ್ಟೆಂಬರ್ 26ರ ಹೆಲೀನ್ ನೆನಪಿಡು. ಅದರ ಕೇಂದ್ರ, ಅಂದರೆ ಕಣ್ಣು, ನಮ್ಮಿಂದ ನೂರು ಮೈಲಿಗೂ ಆಚೆ ಕಡಲಿನಲ್ಲೇ ಉತ್ತರಕ್ಕೆ ಹಾದು ಹೋಯಿತು, ದಡ ಮುಟ್ಟಿದ್ದು ದೂರದ ಪೆರಿ ಎಂಬ ಊರಿನ ಹತ್ತಿರ. ಇಲ್ಲಿ ಗಾಳಿ ಅಂಥ ಭಯಂಕರವೇನೂ ಇರಲಿಲ್ಲ. ಆದರೂ ನಿಮ್ಮ ಊರಿನ ಅಳತೆಗೋಲಿನಲ್ಲಿ ನೀರು ಮಾಮೂಲಿ ಉಬ್ಬರದ ಮಟ್ಟಕ್ಕಿಂತ ಆರಡಿಗೂ ಮಿಕ್ಕಿ ಏರಿತು, ಹಿಂದೆಂದೂ ದಾಖಲಾಗದಷ್ಟು. ಶೋರ್ ಏಕರ್ಸ್ ಎಂಬ ಬಡಾವಣೆಯಲ್ಲಿ ಮನೆ ಮನೆಯೊಳಗೂ ನೀರು. ನಿಮ್ಮ ಪಿನೆಲಸ್ ಕೌಂಟಿಯೊಂದರಲ್ಲೇ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಕಣ್ಣು ದೂರ ಇದೆಯಲ್ಲ, ಇಲ್ಲಿಗೇನು ಬರುತ್ತದೆ ಎಂದು ಮನೆಯಲ್ಲೇ ಉಳಿದವರು ಎಷ್ಟೋ ಜನ.

ಎರಡು ವಾರ ತುಂಬುವ ಮುಂಚೆ ಮಿಲ್ಟನ್ ಬಂತು. ಹೆಲೀನ್‌ನಲ್ಲಿ ನೆನೆದ ಹಾಸಿಗೆ, ಸೋಫಾ, ಗೋಡೆಯ ಹಲಗೆ ಎಲ್ಲ ಇನ್ನೂ ರಸ್ತೆ ಬದಿಯಲ್ಲೇ ಗುಡ್ಡೆ ಬಿದ್ದಿದ್ದವು. ಈ ಸಲ ಗಂಟೆಗೆ 180 ಮೈಲಿ ವೇಗ ಮುಟ್ಟಿದ್ದ ಬಿರುಗಾಳಿ ನೇರ ನಮ್ಮ ಕೊಲ್ಲಿಯ ಮೇಲೇ ಬರುತ್ತದೆ ಎಂದರು. ಅಕ್ಟೋಬರ್ 9ರ ರಾತ್ರಿ ಅದು ಸಾಕಷ್ಟು ಬಲ ಕಳೆದುಕೊಂಡು ಸರಸೋಟಾ ಹತ್ತಿರದ ಸಿಯೆಸ್ಟಾ ಕೀ ಮೇಲೆ ಬಂತು. ನಮ್ಮ ಕೊಲ್ಲಿಯ ನೀರು ಉಕ್ಕುವ ಬದಲು ಬತ್ತಿ ಹಿಂದೆ ಸರಿಯಿತು. ಉತ್ತರಾರ್ಧ ಗೋಳದಲ್ಲಿ ಬಿರುಗಾಳಿ ಸುತ್ತುವುದು ಎಡಗಡೆಗೆ, ಗಡಿಯಾರದ ಮುಳ್ಳಿಗೆ ಎದುರಾಗಿ. ಕಣ್ಣು ಕೊಲ್ಲಿಯ ಉತ್ತರಕ್ಕೆ ಹಾದರೆ ಗಾಳಿ ಕಡಲಿನಿಂದ ನೆಲಕ್ಕೆ ಬೀಸಿ ನೀರನ್ನು ಒಳಗೆ ತುಂಬುತ್ತದೆ. ದಕ್ಷಿಣಕ್ಕೆ ಹಾದರೆ ನೆಲದಿಂದ ಕಡಲಿಗೆ ಬೀಸಿ ಹೊರಗೆ ಬಳಿದು ಹಾಕುತ್ತದೆ. ಕೆಲವೇ ಮೈಲಿಯ ವ್ಯತ್ಯಾಸ, ಒಂದು ಕಡೆ ಜಲಪ್ರಳಯ, ಇನ್ನೊಂದು ಕಡೆ ಒಣಗಿದ ತಳ. ಆ ಕೆಲವು ಮೈಲಿ ಯಾವ ಕಡೆಗೆ ಎಂದು ಹಿಂದಿನ ರಾತ್ರಿ ಕೂಡ ಖಚಿತವಾಗಿ ಯಾರೂ ಹೇಳಲಾರರು. ಕಡಲು ಉಕ್ಕದಿದ್ದರೂ ಅಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹದಿನೆಂಟು ಇಂಚಿನಷ್ಟು ಮಳೆ ಸುರಿಯಿತು, ಟ್ರಾಪಿಕಾನಾ ಕ್ರೀಡಾಂಗಣದ ಚಾವಣಿ ಹರಿದು ಚಿಂದಿಯಾಯಿತು. ಫ್ಲಾರಿಡಾದ ಇನ್ನೊಂದು ದಡದಲ್ಲಿ, ಸೇಂಟ್ ಲೂಸಿ ಕೌಂಟಿಯಲ್ಲಿ, ಮಿಲ್ಟನ್ನಿನ ಹೊರಸುತ್ತಿನಿಂದ ಎದ್ದ ಸುಂಟರಗಾಳಿಗೆ ಆರು ಜನ ಬಲಿಯಾದರು. ಕಣ್ಣು ಇನ್ನೂ ದಡವನ್ನೇ ಮುಟ್ಟಿರಲಿಲ್ಲ.

ಊರು ಬಿಟ್ಟು ಹೋಗಿದ್ದವರು ಮರಳಿ ಬಂದು, ಸುಮ್ಮನೆ ಓಡಿದೆವು, ಏನೂ ಆಗಲೇ ಇಲ್ಲ ಎಂದು ಗೊಣಗಿದ್ದನ್ನು ನಾನು ಕೇಳಿದ್ದೇನೆ. ಆ ಮಾತು ನಿನ್ನ ಕಿವಿಗೂ ಬೀಳುತ್ತದೆ. ಆಫೀಸಿನಲ್ಲಿ, ಕನ್ನಡ ಕೂಟದ ಊಟದ ಸಾಲಿನಲ್ಲಿ, ಪಕ್ಕದ ಮನೆಯವರ ಬಾಯಲ್ಲಿ: ಇಪ್ಪತ್ತು ವರ್ಷದಿಂದ ಇದ್ದೇವೆ, ಪ್ರತಿ ಸಲ ಹೀಗೇ ಹೆದರಿಸುತ್ತಾರೆ, ಟ್ಯಾಂಪಾಕ್ಕೆ ಯಾವತ್ತೂ ಬರುವುದಿಲ್ಲ. ಈ ಮಾತಿಗಿಂತ ಅಪಾಯದ್ದು ನನಗೆ ಇನ್ನೊಂದು ತಿಳಿಯದು. ದೊಡ್ಡ ಬಿರುಗಾಳಿಯೊಂದು ನೇರ ಈ ಕೊಲ್ಲಿಗೆ ಕೊನೆಯ ಸಲ ಬಂದದ್ದು 1921ರ ಅಕ್ಟೋಬರ್ 25ರಂದು, ಟಾರ್ಪನ್ ಸ್ಪ್ರಿಂಗ್ಸ್ ಮೇಲೆ, ಅಂದರೆ ಕೊಲ್ಲಿಯ ಉತ್ತರಕ್ಕೆ. ಆಗ ಟ್ಯಾಂಪಾದಲ್ಲಿ ನೀರು ಹತ್ತಡಿಗೂ ಮೇಲೆ ಏರಿತ್ತು. ನೂರು ವರ್ಷ ತಪ್ಪಿಸಿಕೊಂಡದ್ದು ನಮ್ಮ ಜಾಣತನದಿಂದ ಅಲ್ಲ, ಮುಂದಿನ ನೂರು ವರ್ಷಕ್ಕೆ ಅದು ಜಾಮೀನೂ ಅಲ್ಲ. 2004ರ ಚಾರ್ಲಿ ನಮ್ಮ ಕಡೆಗೇ ಬರುತ್ತಿದ್ದದ್ದು ಬಲಕ್ಕೆ ತಿರುಗಿ ಪುಂಟಾ ಗೋರ್ಡಾ ಊರನ್ನು ನೆಲಸಮ ಮಾಡಿತು. 2022ರ ಇಯಾನ್ ಕೂಡ ಮೊದಲು ನಮ್ಮನ್ನೇ ಗುರಿ ಮಾಡಿದಂತಿತ್ತು.

ಇಯಾನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಟಿವಿಯಲ್ಲಿ ಬಿರುಗಾಳಿಯ ದಾರಿಯನ್ನು ಒಂದು ಬಿಳಿಯ ಕೋನ್ ಆಗಿ ತೋರಿಸುತ್ತಾರೆ. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ ಬಿಡಿಸುವ ಚಿತ್ರ ಅದು. ಜನ ಅದರ ನಡುವೆ ಒಂದು ಗೆರೆ ಕಲ್ಪಿಸಿಕೊಂಡು, ಗೆರೆ ನಮ್ಮ ಮೇಲಿಲ್ಲ ಎಂದರೆ ಉಸ್ಸೆಂದು ಕೂರುತ್ತಾರೆ. ಕೋನ್ ಹೇಳುವುದು ಕಣ್ಣಿನ ನಡುಬಿಂದು ಎಲ್ಲಿರಬಹುದು ಎಂಬುದನ್ನು ಮಾತ್ರ. ಅದರಲ್ಲೂ ಮೂರರಲ್ಲಿ ಒಂದು ಪಾಲು ಸಲ ಕಣ್ಣು ಕೋನಿನಿಂದ ಹೊರಗೇ ಹೋಗುತ್ತದೆ. ಗಾಳಿ, ಮಳೆ, ಸರ್ಜ್ ಎಷ್ಟು ಅಗಲಕ್ಕೆ ಹಬ್ಬಿರುತ್ತವೆ ಎಂಬುದು ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ಇಯಾನ್ ಸಮಯದಲ್ಲಿ ಫೋರ್ಟ್ ಮೈಯರ್ಸ್ ಕೋನಿನ ಅಂಚಿನ ಕಡೆ ಇತ್ತು, ಎಲ್ಲರ ಗಮನ ಟ್ಯಾಂಪಾದ ಮೇಲೆ. ಫೋರ್ಟ್ ಮೈಯರ್ಸ್ ಇರುವ ಲೀ ಕೌಂಟಿಯಲ್ಲಿ ಮನೆ ಬಿಡಿ ಎಂಬ ಆದೇಶ ಹೊರಟದ್ದು ಸೆಪ್ಟೆಂಬರ್ 27ರ ಬೆಳಿಗ್ಗೆ. 28ರ ಮಧ್ಯಾಹ್ನ ಗಂಟೆಗೆ 150 ಮೈಲಿ ಗಾಳಿಯೊಂದಿಗೆ ಇಯಾನ್ ದಡ ಮುಟ್ಟಿತು. ಫೋರ್ಟ್ ಮೈಯರ್ಸ್ ಬೀಚಿನಲ್ಲಿ ಹತ್ತರಿಂದ ಹದಿನೈದು ಅಡಿ ನೀರು. ಬಿರುಗಾಳಿಯ ನೇರ ಹೊಡೆತಕ್ಕೆ ಸತ್ತವರಲ್ಲಿ ಅರ್ಧಕ್ಕೂ ಹೆಚ್ಚು ಜನ ಸತ್ತದ್ದು ಸರ್ಜ್‌ನಲ್ಲಿ ಮುಳುಗಿ. ಎಷ್ಟೋ ಜನ ಮನೆಯಲ್ಲೇ ಕಾದವರು. ಅವರಲ್ಲಿ ಬಹಳಷ್ಟು ಮಂದಿ ವಯಸ್ಸಾದವರು.

ಆದ್ದರಿಂದ ಇರುವುದೋ ಹೋಗುವುದೋ ಎಂಬ ತೀರ್ಮಾನವನ್ನು ಬಿರುಗಾಳಿ ಹುಟ್ಟಿದ ಮೇಲೆ ಮಾಡಬೇಡಿ. ಆಗ ಮನಸ್ಸು ನೂರು ಕಡೆ ಎಳೆಯುತ್ತದೆ, ಗಂಡ ಹೆಂಡತಿಗೆ ಮಾತಿಗೆ ಮಾತು ಬೆಳೆಯುತ್ತದೆ. ಇವತ್ತು, ಆಕಾಶ ತಿಳಿಯಾಗಿರುವಾಗ ಮಾಡಿ. ಕೊಲ್ಲಿಯ ಸುತ್ತಲಿನ ಕೌಂಟಿಗಳು ಎ ಯಿಂದ ಇ ವರೆಗೆ ಇವ್ಯಾಕ್ಯುವೇಶನ್ ಝೋನ್ ಗುರುತಿಸಿವೆ, ವಿಳಾಸ ಹಾಕಿದರೆ ಕೌಂಟಿಯ ನಕ್ಷೆಯಲ್ಲಿ ಸಿಗುತ್ತದೆ. ಇನ್ಶೂರೆನ್ಸಿನವರು ಹೇಳುವ ಫ್ಲಡ್ ಝೋನ್ ಬೇರೆ, ಇದು ಬೇರೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡ. ಎ ಅಂದರೆ ಮೊದಲು ಹೊರಡಬೇಕಾದವರು. ಆದೇಶ ಬಂತೋ, ಚರ್ಚೆ ಬೇಡ, ಹೊರಡಬೇಕು. ಬಾಣಂತಿ, ಕೂಸು ಇರುವ ನೀವು ಆದೇಶಕ್ಕೂ ಒಂದು ದಿನ ಮುಂಚೆಯೇ ಹೊರಟರೆ ನನಗೆ ನಿದ್ದೆ ಬರುತ್ತದೆ.

ಹೊರಡುವುದು ಅಂದರೆ ಅಟ್ಲಾಂಟಾಕ್ಕೆ ಓಡುವುದು ಎಂದುಕೊಳ್ಳಬೇಡಿ. 2005ರಲ್ಲಿ ರೀಟಾ ಬರುವಾಗ ಹ್ಯೂಸ್ಟನ್ ಊರಿಗೆ ಊರೇ ಒಂದೇ ಸಲ ರಸ್ತೆಗಿಳಿಯಿತು. ಸುಡುವ ಬಿಸಿಲಿನಲ್ಲಿ ಗಂಟೆಗಟ್ಟಲೆ ಕಾರುಗಳು ನಿಂತಲ್ಲೇ ನಿಂತವು. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸಿಗೆ ಬೆಂಕಿ ಬಿದ್ದು 23 ಮುದುಕರು ಸತ್ತರು. ಬಿರುಗಾಳಿಯ ಹೊಡೆತಕ್ಕೆ ಸತ್ತವರಿಗಿಂತ ಓಡುವ ದಾರಿಯಲ್ಲಿ ಸತ್ತವರೇ ಎಷ್ಟೋ ಪಾಲು ಹೆಚ್ಚು. 2017ರ ಇರ್ಮಾ ಸಮಯದಲ್ಲಿ ಇಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಮನೆ ಬಿಡಲು ಹೇಳಿದ್ದರು, ಉತ್ತರದ ಹೆದ್ದಾರಿಗಳಲ್ಲಿ ಪೆಟ್ರೋಲೂ ಇಲ್ಲ, ಲಾಡ್ಜೂ ಇಲ್ಲ. ನಿಮಗೆ ಬೇಕಾದದ್ದು ನೂರಾರು ಮೈಲಿಯಲ್ಲ, ನೀರು ಮುಟ್ಟದಷ್ಟು ದೂರ ಮಾತ್ರ. ಟ್ಯಾಂಪಾದ ಉತ್ತರಕ್ಕೆ ನಮ್ಮ ಮನೆ ಯಾವ ಝೋನಿನಲ್ಲೂ ಇಲ್ಲ. ನಿಮ್ಮಲ್ಲಿಂದ ಮೂವತ್ತು ಚಿಲ್ಲರೆ ಮೈಲಿ. ಆದರೆ ನಡುವೆ ಕೊಲ್ಲಿಯ ಸೇತುವೆ ದಾಟಬೇಕು, ಗಾಳಿ ಗಂಟೆಗೆ 40 ಮೈಲಿ ಮುಟ್ಟುವ ಹೊತ್ತಿಗೆ ಸೇತುವೆಗಳನ್ನು ಮುಚ್ಚುತ್ತಾರೆ. ಆ ಮೇಲೆ 911ಕ್ಕೆ ಫೋನ್ ಮಾಡಿದರೂ ಗಾಡಿ ಹೊರಡುವುದಿಲ್ಲ. ಅದು ಅವರ ನಿರ್ದಯೆ ಅಲ್ಲ, ಅವರದೂ ಜೀವವೇ.

ಇನ್ನೊಂದು ಕೆಲಸ ನಿನ್ನದು. ಮುಂದಿನ ಸಲ ಡಾಕ್ಟರನ್ನು ಕಂಡಾಗ ಸೀದಾ ಕೇಳು, ಬಿರುಗಾಳಿಯ ದಿನಗಳಲ್ಲಿ ನೋವು ಕಾಣಿಸಿಕೊಂಡರೆ ಯಾವ ಆಸ್ಪತ್ರೆಗೆ ಹೋಗಬೇಕು, ದೊಡ್ಡಮ್ಮನ ಮನೆಗೆ ಹತ್ತಿರದ್ದು ಯಾವುದು ಎಂದು. ಆಸ್ಪತ್ರೆಗಳೇ ನೀರಿನ ಬದಿಯಲ್ಲಿವೆ ಇಲ್ಲಿ. ಟ್ಯಾಂಪಾ ಜನರಲ್ ಆಸ್ಪತ್ರೆ ಇರುವುದು ಒಂದು ದ್ವೀಪದ ಮೇಲೆ. ಹೆಲೀನ್ ಬಂದಾಗ ಸುತ್ತ ಎತ್ತರದ ತಾತ್ಕಾಲಿಕ ತಡೆಗೋಡೆ ಕಟ್ಟಿ ನೀರನ್ನು ತಡೆದು ಕೆಲಸ ನಡೆಸಿದರು. ನಿನ್ನ ಕಾಗದಪತ್ರಗಳ ಒಂದು ಪ್ರತಿ ಯಾವಾಗಲೂ ನಿನ್ನ ಕೈಚೀಲದಲ್ಲಿರಲಿ.

ನೀರಿನ ಹೆದರಿಕೆಯಿಲ್ಲದ ಮನೆಗೆ ಬಂದ ಮೇಲೆ ಕಾಯುವ ಕೆಲಸ ಶುರು. ಕಾಯುವುದು ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮಮ್ಮ, ಅಂದರೆ ನಿನ್ನಜ್ಜಿ, ಮೃಗಶಿರಾ ಮಳೆ ಹಿಡಿಯುವ ಮುಂಚೆ ಸೌದೆ ಒಟ್ಟಿಸಿ, ಹಪ್ಪಳ ಸಂಡಿಗೆ ಡಬ್ಬಿಗೆ ತುಂಬಿ, ಜಗುಲಿಗೆ ಸೋಗೆಯ ತಟ್ಟಿ ಕಟ್ಟಿಸಿ ಕೂರುತ್ತಿದ್ದಳಲ್ಲ, ಇಲ್ಲಿಯದೂ ಅದೇ ಜಾತಿಯ ಕೆಲಸ. ಅವಳು ಮಳೆ ಶುರುವಾದ ಮೇಲೆ ಒಂದು ಕಡ್ಡಿ ಸೌದೆಗೂ ಹೊರಗೆ ಹೋದದ್ದು ನಾನು ಕಾಣೆ. ಇಲ್ಲಿ ಬಿರುಗಾಳಿಗೆ ಹೆಸರು ಬಿದ್ದ ದಿನವೇ ಪಬ್ಲಿಕ್ಸ್ ಅಂಗಡಿಯಲ್ಲಿ ನೀರಿನ ಬಾಟಲಿ, ಬ್ರೆಡ್ಡು, ಬ್ಯಾಟರಿ ಖಾಲಿ. ಅದಕ್ಕೆ ಜೂನಿನಿಂದಲೇ ವಾರಕ್ಕಿಷ್ಟು ಕೂಡಿಡು. ತಲೆಗೆ ದಿನಕ್ಕೊಂದು ಗ್ಯಾಲನ್ ಕುಡಿಯುವ ನೀರು, ಒಂದು ವಾರಕ್ಕೆ ಲೆಕ್ಕ ಹಾಕು. ಬಾಣಂತಿಗೆ ಇನ್ನಷ್ಟು ಬೇಕು.

ಊಟದ ವಿಷಯದಲ್ಲಿ ನಮ್ಮವರಿಗೆ ಅನುಕೂಲವಿದೆ, ಅದನ್ನು ಮರೆಯಬೇಡ. ಇಲ್ಲಿಯ ಒಲೆಗಳು ಬಹುಪಾಲು ಕರೆಂಟಿನವು, ಕರೆಂಟು ಹೋದರೆ ಒಲೆಯೂ ಹೋಯಿತು. ಬೆಂಕಿಯೇ ಬೇಡದ ಅಡುಗೆ ನಮ್ಮಲ್ಲಿ ಎಷ್ಟಿಲ್ಲ! ತೆಳು ಅವಲಕ್ಕಿಗೆ ಹುಣಸೆಗೊಜ್ಜು, ಕಾಯಿತುರಿ ಕಲಸಿದರೆ ಒಂದು ಹೊತ್ತು ಆಯಿತು. ಹುರಿಹಿಟ್ಟಿಗೆ ಬೆಲ್ಲ, ತುಪ್ಪ. ಹೆಸರುಬೇಳೆ ನೆನೆಸಿದರೆ ಕೋಸಂಬರಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಚಕ್ಕುಲಿ, ರವೆ ಉಂಡೆ ವಾರಗಟ್ಟಲೆ ಕೆಡುವುದಿಲ್ಲ. ಕರೆಂಟು ಇರುವಾಗಲೇ ಅನ್ನ ಮಾಡಿ ಆರಿಸಿ, ಮೊದಲ ದಿನಕ್ಕೆ ಮೊಸರನ್ನ. ಬಿಸಿನೀರನ್ನು ಫ್ಲಾಸ್ಕುಗಳಿಗೆ ತುಂಬಿಡು. ಫ್ರೀಜರಿನ ಖಾಲಿ ಜಾಗದಲ್ಲೆಲ್ಲ ನೀರಿನ ಬಾಟಲಿ ಇಟ್ಟು ಗಟ್ಟಿ ಮಾಡಿಟ್ಟರೆ ಆಮೇಲೆ ಅದೇ ಮಂಜುಗಡ್ಡೆ, ಅದೇ ಕುಡಿಯುವ ನೀರು. ತುಂಬಿದ ಫ್ರೀಜರ್ ಬಾಗಿಲು ತೆರೆಯದೆ ಇಟ್ಟರೆ ಎರಡು ದಿನ ತಂಪು ಹಿಡಿಯುತ್ತದೆ, ಫ್ರಿಜ್ಜು ನಾಲ್ಕು ಗಂಟೆ ಅಷ್ಟೆ. ಸ್ನಾನದ ತೊಟ್ಟಿ ತುಂಬಿಸಿಡು, ಕುಡಿಯಲಿಕ್ಕಲ್ಲ, ಶೌಚಕ್ಕೆ ಸುರಿಯಲಿಕ್ಕೆ.

ಪಾಸ್‌ಪೋರ್ಟು, ವೀಸಾದ ಐ-797 ಪತ್ರ, ಮದುವೆ ಸರ್ಟಿಫಿಕೇಟು, ಅಮ್ಮನ ಟ್ರಾವೆಲ್ ಇನ್ಶೂರೆನ್ಸು, ಕೂಸಿನ ಜನನಪತ್ರ ಬಂದಿದ್ದರೆ ಅದು, ಎಲ್ಲ ನೀರು ಹೋಗದ ಚೀಲದಲ್ಲಿ. ಕೈಯಲ್ಲಿ ಸ್ವಲ್ಪ ನಗದು. ಅಮ್ಮನ ಮಾತ್ರೆ ತಿಂಗಳಿಗಾಗುವಷ್ಟು. ಕಾರಿನ ಟ್ಯಾಂಕು ಈ ಆರು ತಿಂಗಳು ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಬಾಡಿಗೆ ಮನೆಯ ಇನ್ಶೂರೆನ್ಸಿನಲ್ಲಿ ಪ್ರವಾಹದ ನಷ್ಟ ಸಾಮಾನ್ಯವಾಗಿ ಸೇರಿರುವುದಿಲ್ಲ. ಅದನ್ನು ಬೇರೆ ತೆಗೆದುಕೊಳ್ಳಬೇಕು, ತೆಗೆದುಕೊಂಡ 30 ದಿನಗಳ ಮೇಲೆಯೇ ಅದು ಜಾರಿಗೆ ಬರುವುದು. ಬಿರುಗಾಳಿ ಕಂಡಮೇಲೆ ಕೊಂಡು ಪ್ರಯೋಜನವಿಲ್ಲ.

ಇನ್ನು ಕಾಯುವ ಆ ಎರಡು ದಿನಗಳು. ವಾಚ್ ಎಂದು ಘೋಷಿಸಿದರೆ ಗಾಳಿ ಜೋರಾಗಲು ಸುಮಾರು 48 ಗಂಟೆ, ವಾರ್ನಿಂಗ್ ಎಂದರೆ 36 ಗಂಟೆ. ಈ ಹೊತ್ತಿನಲ್ಲಿ ದೇಹಕ್ಕಿಂತ ಮನಸ್ಸು ಸೋಲುತ್ತದೆ. ಟಿವಿ ಇಡೀ ದಿನ ಕೂಗುತ್ತದೆ, ವಾಟ್ಸ್ಯಾಪಿನಲ್ಲಿ ಬಣ್ಣ ಬಣ್ಣದ ಗೆರೆಗಳ ನಕ್ಷೆ ಯಾರ್ಯಾರೋ ಕಳಿಸುತ್ತಾರೆ. ಹರಿಕೇನ್ ಕೇಂದ್ರದ ಪೂರ್ಣ ವರದಿ ಬರುವುದು ಬೆಳಗಿನ 5, 11, ಸಂಜೆ 5, ರಾತ್ರಿ 11ಕ್ಕೆ. ಆಗ ನೋಡು. ನಡುವೆ ಟಿವಿ ಆರಿಸಿ ಕೂಸಿನ ಜೊತೆ ಮಲಗು. ನಿದ್ದೆ ಮಾಡಿದವರಿಗೆ ರಾತ್ರಿ ಎಚ್ಚರ ಇರಲು ಶಕ್ತಿ ಇರುತ್ತದೆ.

ಊರಿನಿಂದ ಫೋನುಗಳು ಬರುತ್ತಲೇ ಇರುತ್ತವೆ. ಕನ್ನಡ ಚಾನೆಲ್‌ಗಳಲ್ಲಿ ಅಮೆರಿಕವೇ ಕೊಚ್ಚಿಹೋಯಿತು ಎಂಬಂತೆ ತೋರಿಸುವಾಗ ಅಲ್ಲಿ ನಿನ್ನ ಅತ್ತೆ ಮಾವ, ನಿಮ್ಮಪ್ಪ ಹೇಗೆ ಸುಮ್ಮನಿದ್ದಾರು? ಅವರ ಮೇಲೆ ರೇಗಬೇಡ. ಹೊರಡುವ ಮುಂಚೆ ನಿಮ್ಮಪ್ಪನೊಬ್ಬರಿಗೇ ಫೋನ್ ಮಾಡಿ, ನಾವು ದೊಡ್ಡಮ್ಮನ ಮನೆಯಲ್ಲಿರುತ್ತೇವೆ, ಎರಡು ಮೂರು ದಿನ ಫೋನ್ ಹತ್ತದೇ ಇರಬಹುದು, ಹತ್ತದಿದ್ದರೆ ಗಾಬರಿ ಬೇಡ, ಉಳಿದವರಿಗೆಲ್ಲ ನೀವೇ ತಿಳಿಸಿ ಎಂದು ಒಪ್ಪಿಸಿಬಿಡು. ಹೀಗೆ ಮೊದಲೇ ಹೇಳಿದರೆ ಅವರಿಗೆ ಅಲ್ಲಿ ಅರ್ಧ ಜೀವ ಬರುತ್ತದೆ, ಇಲ್ಲಿ ನಿನ್ನ ಫೋನಿನ ಬ್ಯಾಟರಿ ಉಳಿಯುತ್ತದೆ.

ಗಾಳಿ ಬೀಸುವ ರಾತ್ರಿ ಕಿಟಕಿಯ ಹತ್ತಿರ ಯಾರೂ ಇರಕೂಡದು. ಗಾಜಿಗೆ ಟೇಪು ಅಂಟಿಸುವುದರಿಂದ ಏನೂ ಉಪಯೋಗವಿಲ್ಲ, ಶಟರ್ ಅಥವಾ ಪ್ಲೈವುಡ್ ಬೇಕು. ನಮ್ಮಲ್ಲಿ ಮನೆಯ ನಡುವೆ ಕಿಟಕಿಯಿಲ್ಲದ ಒಂದು ಬಟ್ಟೆಕೋಣೆಯಿದೆ, ಅಲ್ಲೇ ಹಾಸಿಗೆ ಹಾಕುತ್ತೇನೆ. ನಿನಗೆ ವಿಚಿತ್ರ ಅನ್ನಿಸುವ ಒಂದು ಮಾತು: ಆ ರಾತ್ರಿ ಎಲ್ಲರೂ ಶೂ ಹಾಕಿಕೊಂಡೇ ಇರಬೇಕು. ಚಪ್ಪಲಿ ಹೊಸ್ತಿಲ ಹೊರಗೆ ಬಿಡುವ ಜನ ನಾವು, ಆದರೆ ಕತ್ತಲಲ್ಲಿ ಗಾಜು ಒಡೆದರೆ ಬರಿಗಾಲಲ್ಲಿ ಕೂಸನ್ನು ಎತ್ತಿಕೊಂಡು ಓಡಲಾಗುವುದಿಲ್ಲ. ಫೋನುಗಳು ಒಟ್ಟಿಗೇ ಕಿರುಚಿದರೆ ಅದು ಸುಂಟರಗಾಳಿಯ ಎಚ್ಚರಿಕೆ ಇರಬಹುದು. ದೂರದಲ್ಲಿ ಆಕಾಶ ನೀಲಿ ಹಸಿರಾಗಿ ಮಿನುಗಿದರೆ ಟ್ರಾನ್ಸ್‌ಫಾರ್ಮರ್ ಸಿಡಿದದ್ದು. ಗಾಳಿ ಇದ್ದಕ್ಕಿದ್ದಂತೆ ನಿಂತರೆ ಮುಗಿಯಿತೆಂದು ಬಾಗಿಲು ತೆರೆಯಬೇಡಿ. ಕಣ್ಣು ತಲೆಯ ಮೇಲೆ ಇರಬಹುದು, ಅದು ದಾಟಿದೊಡನೆ ಎದುರು ದಿಕ್ಕಿನಿಂದ ಅಷ್ಟೇ ರಭಸದಲ್ಲಿ ಗಾಳಿ ಬರುತ್ತದೆ.

ನಿನ್ನಮ್ಮನಿಗೆ ನೀನೇ ತಿಳಿಸಿ ಹೇಳಬೇಕಾದ್ದು ಒಂದಿದೆ. ನನ್ನ ಮಾತಿಗಿಂತ ಮಗಳ ಮಾತು ಅವಳಿಗೆ ಬೇಗ ನಾಟುತ್ತದೆ. ಬಾಣಂತಿಗೂ ಕೂಸಿಗೂ ಕೆಂಡದ ಮೇಲೆ ಸಾಂಬ್ರಾಣಿ ಹೊಗೆ ಹಾಕಬೇಕು, ಬಾಣಂತಿ ಕೋಣೆ ಬೆಚ್ಚಗಿರಬೇಕು ಎಂಬುದು ಅವಳ ಪದ್ಧತಿ. ಊರಿನ ಹೆಂಚಿನ ಮನೆಯಲ್ಲಿ ಸಂದುಗಳಿಂದ ಗಾಳಿಯಾಡುತ್ತದೆ. ಇಲ್ಲಿಯ ಬಿಗಿ ಮುಚ್ಚಿದ ಮನೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. 2020ರಲ್ಲಿ ಲಾರಾ ಬಂದು ಹೋದ ಮೇಲೆ ಲೂಯಿಸಿಯಾನಾದಲ್ಲಿ ಗಾಳಿಯಿಂದ ಪಾರಾದ ಹಲವರು ಜನರೇಟರಿನ ಹೊಗೆಯಿಂದ ಸತ್ತರು. ಜನರೇಟರ್ ಮನೆಯಿಂದ ಇಪ್ಪತ್ತು ಅಡಿ ದೂರ ಇರಬೇಕು, ಗ್ಯಾರೇಜಿನಲ್ಲಿ ಬಾಗಿಲು ತೆರೆದಿಟ್ಟರೂ ಆಗದು. ಗ್ಯಾಸಿನ ಪುಟ್ಟ ಒಲೆಯೂ ಹೊರಗೇ. ಅವಳು ಮೆಣಸಿನ ಸಾರು ಮಾಡಿಕೊಡಲಿ, ಗಾಳಿ ನಿಂತ ಮೇಲೆ, ಹಿತ್ತಲಿನಲ್ಲಿ. ದೇವರ ಮುಂದೆ ಆ ದಿನಗಳಲ್ಲಿ ಬ್ಯಾಟರಿ ದೀಪ ಇಡೋಣ. ಬೆಂಕಿ ಹತ್ತಿದರೆ ಆರಿಸುವವರು ಬರಲಾಗದ ರಾತ್ರಿ ಅದು, ದೇವರು ಬೇಸರ ಮಾಡಿಕೊಳ್ಳುವುದಿಲ್ಲ.

ಬಿರುಗಾಳಿ ದಾಟಿದ ಮರುದಿನ ಬಿಸಿಲು ಬರುತ್ತದೆ, ಎಲ್ಲರಿಗೂ ಮನೆ ನೋಡಿ ಬರುವ ಆತುರ. ಆ ಆತುರ ಅಳಿಯಂದಿರಿಗೆ ಹೆಚ್ಚು ಇರುತ್ತದೆ ಎಂದು ನನಗೆ ಗೊತ್ತು. ನಿಂತ ನೀರಿನಲ್ಲಿ ಹರಿದುಬಿದ್ದ ಕರೆಂಟ್ ತಂತಿ ಕಾಣಿಸುವುದಿಲ್ಲ. ಹರಿಯುವ ನೀರು ಪಾದ ಮುಳುಗಿಸಿ ಸ್ವಲ್ಪ ಮೇಲೆ, ಆರು ಇಂಚಿದ್ದರೂ ದೊಡ್ಡವರನ್ನು ಕೆಡವುತ್ತದೆ, ಎರಡು ಅಡಿಯಲ್ಲಿ ದೊಡ್ಡ ಕಾರೂ ತೇಲುತ್ತದೆ. ಕೌಂಟಿಯವರು ದಾರಿ ತೆರೆದ ಮೇಲೆ ಹೋಗಲಿ. ಕರೆಂಟು ಬರಲು ದಿನಗಳು ಹಿಡಿಯಬಹುದು, ವಾರವೂ ಹಿಡಿಯಬಹುದು. ಇರ್ಮಾದಲ್ಲಿ ರಾಜ್ಯದ ಅರವತ್ತು ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕತ್ತಲಾದವು, ಫ್ಲಾರಿಡಾದಲ್ಲೇ ಇರುವ ಹಾಲಿವುಡ್ ಎಂಬ ಊರಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಏಸಿ ನಿಂತು ಸೆಖೆಯಿಂದ 12 ಜನ ತೀರಿಕೊಂಡರು. ಅವರನ್ನು ಕೊಂದದ್ದು ಬಿರುಗಾಳಿಯೂ ಅಲ್ಲ, ನೀರೂ ಅಲ್ಲ. ಎಳೆಗೂಸಿಗೂ ವಯಸ್ಸಾದವರಿಗೂ ಸೆಖೆ ಅಷ್ಟು ಕೆಟ್ಟದ್ದು. ಕೂಸಿನ ಮೈ ಬಿಸಿಯೆನಿಸಿದರೆ, ಹಾಲು ಕುಡಿಯದೆ ಮಂಕಾದರೆ, ಕರೆಂಟು ಇರುವ ಊರಿಗೆ ಆಗ ಹೊರಡೋಣ. ದಾರಿ ತೆರೆದಿರುತ್ತದೆ, ರಸ್ತೆಯಲ್ಲಿ ಕಾರುಗಳ ನೂಕಾಟವೂ ಇರುವುದಿಲ್ಲ. ನಿಮ್ಮ ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಯ ವಿಷಯ ಹೇಳಿದ್ದೆಯಲ್ಲ, ನೀವು ಹೊರಡುವಾಗ ಅವರ ಬಾಗಿಲು ತಟ್ಟಿ ಅವರಿಗೆ ಹೋಗಲು ಜಾಗ ಇದೆಯೋ, ಕರೆದೊಯ್ಯುವವರು ಇದ್ದಾರೋ ಕೇಳಿ. ಇಲ್ಲವೆಂದರೆ ಅವರನ್ನೂ ಕರೆದುಕೊಂಡು ಬನ್ನಿ.

ಈ ಶನಿವಾರ ನಿನ್ನ ವಿಳಾಸ ಹಾಕಿ ಝೋನ್ ಯಾವುದು ನೋಡು, ಅಳಿಯಂದಿರ ಜೊತೆ ಕೂತು ಯಾವ ಸೇತುವೆಯಿಂದ ಬರುವುದು, ಅದು ಮುಚ್ಚಿದ್ದರೆ ಇನ್ನೊಂದು ಯಾವುದು ತೀರ್ಮಾನಿಸಿ ನನಗೆ ತಿಳಿಸು. ಒಳಗಿನ ಕೋಣೆ ನಿಮಗೆ ಖಾಲಿ ಮಾಡಿದ್ದೇನೆ. ತೊಟ್ಟಿಲು ಎಲ್ಲಿ ಹಿಡಿಸುತ್ತದೆ ಎಂದು ನಿಮ್ಮ ದೊಡ್ಡಪ್ಪ ಅಳತೆ ಕೇಳುತ್ತಿದ್ದಾರೆ, ಅದನ್ನೂ ಬರೆದು ಕಳಿಸು.

ನಿನ್ನ,
ದೊಡ್ಡಮ್ಮ